ಮೂರು ಮೂಲೆಯ ಗುರುತು

ನನ್ನ ಚೂಟಿಗೆ,

ಈ ಕಾಗದವನ್ನು ನಿನ್ನ ಮನೆಗೆ ಕಳಿಸುತ್ತಿಲ್ಲ. ನಿಮ್ಮ ಸ್ಟುಡಿಯೋದ ಮೇಕಪ್ ಕೋಣೆಗೆ ಬರುವ ಒಗೆದ ಟವೆಲುಗಳ ಗಂಟಿನೊಳಗೆ ಇಡುತ್ತಿದ್ದೇನೆ. ಬಾಗಿಲು ಹಾಕಿಕೊಂಡು ಓದು. ಫೋನು ಮಾಡಿದರೆ ನಿನ್ನ ಗಂಡನೇ ಎತ್ತುತ್ತಾನೆ. "ಅವಳು ಸ್ನಾನಕ್ಕೆ ಹೋಗಿದಾಳೆ ಅಜ್ಜಿ" ಅನ್ನುತ್ತಾನೆ. ಈ ತಿಂಗಳಲ್ಲಿ ಹನ್ನೊಂದು ಸಲ ಸ್ನಾನಕ್ಕೆ ಹೋಗಿದ್ದೀಯ. ನೀನೇನು ಮೀನೇನೇ?

ನಿಮ್ಮ ಸೀರಿಯಲ್ಲಿನ ಮೂರನೇ ಸೀಸನ್ ನೋಡಿ ಮುಗಿಸಿದೆ. ಪಕ್ಕದ ಮನೆಯ ದರ್ಜಿ, ಅವನ ಹೆಂಡತಿ, ನಾನು, ಮೂವರೂ ಒಂದೇ ಮಂಚದ ಮೇಲೆ ಕೂತು ಎಂಟೂ ಭಾಗ ನೋಡಿದೆವು. ಮೊದಲೆರಡು ಸೀಸನ್ನಿನ ಗಾಯಗಳ ಮೇಕಪ್ ನೀನು ಮಾಡಿದ್ದೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ರಕ್ತವೋ ಶರಬತ್ತೋ ಗೊತ್ತಾಗುತ್ತಿರಲಿಲ್ಲ. "ಮೂವತ್ತು ವರ್ಷ ಆಸ್ಪತ್ರೆ ಬೆಡ್‌ಶೀಟು ಒಗೆದವಳು ನಾನು, ರಕ್ತ ಅಷ್ಟು ಕೆಂಪಗೆ ಎಷ್ಟೊತ್ತು ಇರತ್ತೆ, ನನ್ನ ಕೇಳು" ಅಂದದ್ದಕ್ಕೆ, "ಅಜ್ಜಿ, ಜನ ನಗಬೇಕು, ವಾಂತಿ ಮಾಡ್ಕೋಬಾರದು" ಅಂದಿದ್ದೆ. ನಿಮ್ಮ ಕಥಾನಾಯಕಿ, ಆ ಹಲ್ಲಿನ ಕ್ಲಿನಿಕ್ಕಿನ ನರ್ಸಮ್ಮ, ಕೊಲೆ ಮಾಡಿ ರಕ್ತದ ಕೋಟನ್ನು ಕುದಿಯುವ ನೀರಿಗೆ ಹಾಕಿದಾಗ ನಾನು ಟೀವಿಗೆ ಚಪ್ಪಲಿ ಎಸೆದಿದ್ದೆ. ಬಿಸಿನೀರು ತಗುಲಿದರೆ ರಕ್ತದ ಕಲೆ ಜನ್ಮಕ್ಕೂ ಹೋಗುವುದಿಲ್ಲ.

ಈ ಸಲ ಮೊದಲ ಭಾಗದಲ್ಲೇ ಅವಳು ಒಬ್ಬ ರೌಡಿಯ ತಲೆಯನ್ನು ಸ್ಟೂಲಿನಿಂದ ಜಜ್ಜಿ, ಉದುರಿದ ಹಲ್ಲನ್ನೆಲ್ಲ ಹೆಸರು ಬರೆದ ಡಬ್ಬಿಗೆ ಹಾಕಿಟ್ಟಳು. ಎರಡನೆಯದರಲ್ಲಿ ಹೆಣವನ್ನು ಬೀರುವಿಗೆ ತುರುಕಿದರೆ ಒಂದು ಕಾಲು ಮಾತ್ರ ಒಳಗೆ ಹೋಗಲೊಲ್ಲದು. ಅದನ್ನು ಗರಗಸದಲ್ಲಿ ಕೊಯ್ಯುತ್ತಿರುವಾಗ ಇನ್ಸ್‌ಪೆಕ್ಟರು ಹಲ್ಲುನೋವೆಂದು ಬಂದು ಹೊರಗೆ ಕೂತಿದ್ದಾನೆ. ದರ್ಜಿ ನಕ್ಕು ನಕ್ಕು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ನಾನೂ ನಕ್ಕೆ.

ಮೂರನೇ ಭಾಗದಲ್ಲಿ ನರ್ಸಮ್ಮನ ಹೊಸ ಗಂಡ ಅವಳ ಕೆನ್ನೆಗೆ ಬಾರಿಸಿದ. ನನ್ನ ನಗು ನಿಂತಿತು.

ಆ ಕೆನ್ನೆ ಮೊದಲು ಕೆಂಪಗೆ ಊದಿತು. ನಾಲ್ಕನೇ ಭಾಗದಲ್ಲಿ ಕಪ್ಪುನೀಲಿ. ಐದರಲ್ಲಿ ಅಂಚು ಹಸಿರಿಗೆ ತಿರುಗಿತು, ಕಣ್ಣಿನ ಕೆಳಗೆ ರಕ್ತ ಇಳಿದು ಹೆಪ್ಪುಗಟ್ಟಿತು. ಆರರಲ್ಲಿ ಹಳೇ ಕಾಗದದ ಹಾಗೆ ಹಳದಿ. ಏಟು ಹಣ್ಣಾಗುವುದು ಹಾಗೆಯೇ. "ನಿಮ್ಮ ಮೊಮ್ಮಗಳ ಕೈಯಲ್ಲಿ ಏನ್ ಕಲೆ ಇದೆಯಮ್ಮಾ!" ಅಂದಳು ದರ್ಜಿಯ ಹೆಂಡತಿ. ನಾನು ಚಿತ್ರವನ್ನು ನಿಲ್ಲಿಸಲು ಹೇಳಿ, ಕನ್ನಡಕ ಹಾಕಿಕೊಂಡು, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಕೆನ್ನೆಯ ಮೂಳೆಯ ಮೇಲೆ ಚೌಕದ ಒಂದು ಗುರುತು. ನಾಲ್ಕು ಮೂಲೆಯಲ್ಲಿ ಒಂದು ಇಲ್ಲ.

ಅದು ನಿನ್ನ ಅಜ್ಜನ ಉಂಗುರ. ನಿನ್ನ ಮದುವೆಯ ದಿನ ನಾನೇ ನಿನ್ನ ಗಂಡನ ಬೆರಳಿಗೆ ತೊಡಿಸಿದ್ದು.

ಅದರ ಮೂಲೆ ಮುರಿದದ್ದು ಬಸ್ಸಿನ ಬಾಗಿಲಿಗೆ ಸಿಕ್ಕಿ ಎಂದು ನಿಮಗೆಲ್ಲ ಹೇಳಿದ್ದೆ. ಸುಳ್ಳು. ಉಂಗುರಕ್ಕೆ ನಾಲ್ಕೂ ಮೂಲೆ ಇದ್ದಾಗ ಆರು ವರ್ಷ ಅದು ನನ್ನ ಮುಖದ ಮೇಲೆ ಬೀಳುತ್ತಿತ್ತು. ಒಮ್ಮೆ ಕಿವಿಯ ಹಿಂದೆ ಸೀಳಿತು. ಲಾಂಡ್ರಿಯ ರಾಶಿಯಿಂದ ಒಂದು ಬೆಡ್‌ಶೀಟು ಎಳೆದು ಒತ್ತಿ ಹಿಡಿದು, ಆಮೇಲೆ ಅದನ್ನು ನಾನೇ ತಣ್ಣೀರಿನಲ್ಲಿ ಒಗೆದೆ. ಯಾರಿಗೂ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ನಿನ್ನ ಅಜ್ಜ ಆಸ್ಪತ್ರೆಯ ಲಾಂಡ್ರಿಗೇ ಬಂದ. ನನ್ನ ಸೆರಗು ಹಿಡಿದು ನಿಂತಿದ್ದ ನಿನ್ನ ಅಮ್ಮ ಐದು ವರ್ಷದವಳು. ಅಡ್ಡ ಬಂದಳೆಂದು ಅವಳಿಗೆ ಬಾರಿಸಿದ. ಮಗು ಹಾರಿ ಹೋಗಿ ಕೊಳೆಬಟ್ಟೆಯ ಬುಟ್ಟಿಯಲ್ಲಿ ಬಿತ್ತು, ಮೂಗಿನಿಂದ ರಕ್ತ. ಅವನು ಏದುಸಿರು ಬಿಡುತ್ತ ಇಸ್ತ್ರಿ ಮೇಜಿನ ಮೇಲೆ ಕೈಯೂರಿದ. ನನ್ನ ಕೈಯಲ್ಲಿ ಕೆಂಡ ತುಂಬಿದ ದೊಡ್ಡ ಇಸ್ತ್ರಿ ಪೆಟ್ಟಿಗೆ ಇತ್ತು. ಮೊದಲು ಅದರ ಅಂಚಿನಿಂದ ಕುಟ್ಟಿದೆ. ಉಂಗುರದ ಮೂಲೆ ಸಿಡಿಯಿತು, ಬೆರಳು ಲಟಕ್ಕೆಂದಿತು. ಆಮೇಲೆ ಅದೇ ಕೈಯ ಮೇಲೆ ಚಪ್ಪಟೆಯಾಗಿ ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಅವನು ಅರಚಿದಷ್ಟೂ ಒತ್ತಿದೆ. ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಎಲ್ಲರಿಗಿಂತ ಹಿರಿಯಳು ಮಾತ್ರ ಬಟ್ಟೆ ಮಡಚುತ್ತಲೇ ಹೇಳಿದಳು: "ಏನೋ ಸೀದ ವಾಸನೆ ಬರ್ತಿದೆ, ಆ ಕಿಟಕಿ ತೆಗೀರೇ."

ಆಮೇಲೆ ಹತ್ತೊಂಬತ್ತು ವರ್ಷ ಅವನು ಬದುಕಿದ್ದ. ಆ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನೇ ಹಾಕುತ್ತಿದ್ದೆ, ಅವನು ಸೂರು ನೋಡುತ್ತ ನಿಂತಿರುತ್ತಿದ್ದ.

ಈಗ ನೋಡು. ಮೂಲೆ ಮುರಿದ ಮೇಲೆ ಆ ಉಂಗುರ ಯಾರ ಮೈಮೇಲೂ ಬಿದ್ದಿರಲಿಲ್ಲ. ಅದರ ಗುರುತು ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಅದನ್ನು ಅಷ್ಟು ಕರಾರುವಾಕ್ಕಾಗಿ ಬರೆಯಬೇಕಾದರೆ ನೀನು ಕನ್ನಡಿಯಲ್ಲಿ ನೋಡಿಯೇ ಬರೆದಿರಬೇಕು. ಬಾಯಲ್ಲಿ ಹೇಳಲಾಗದ್ದನ್ನು ನರ್ಸಮ್ಮನ ಕೆನ್ನೆಯ ಮೇಲೆ ಬರೆದು ಕಳಿಸಿದೆ. ಅಜ್ಜಿ ಒಂದು ಭಾಗವನ್ನೂ ಬಿಡುವವಳಲ್ಲ ಎಂದು ನಿನಗೆ ಗೊತ್ತಿತ್ತು. ಆ ಉಂಗುರವನ್ನು ಬಾವಿಗೆ ಎಸೆಯದೆ ನಿನ್ನ ಗಂಡನ ಬೆರಳಿಗಿಟ್ಟ ನನ್ನ ಕೈ ಸೇದಿಹೋಗಲಿ.

ಕೊನೆಯ ಭಾಗದಲ್ಲಿ ನರ್ಸಮ್ಮ ಹಲ್ಲಿನ ಅಚ್ಚು ತೆಗೆಯುತ್ತೇನೆಂದು ಗಂಡನ ಬಾಯಿ ಮೂಗಿಗೆಲ್ಲ ಹಿಟ್ಟು ತುಂಬಿ, ಅದು ಗಟ್ಟಿಯಾಗುವ ತನಕ ತಲೆ ಅದುಮಿ ಹಿಡಿದಳು. ದರ್ಜಿಯ ಹೆಂಡತಿ ಚಪ್ಪಾಳೆ ತಟ್ಟಿದಳು. ನೀನು ಅಂಥದ್ದಕ್ಕೆ ಕೈ ಹಾಕಬೇಡ. ಅಲ್ಲಿ ಕಟ್ ಅಂದ ಕೂಡಲೇ ಸತ್ತವನು ಎದ್ದು ಮುಖ ತೊಳೆದುಕೊಳ್ಳುತ್ತಾನೆ. ನನಗೆ ಆವತ್ತು ತಟ್ಟಲು ಒಂದು ಬಾಗಿಲೂ ಇರಲಿಲ್ಲ. ನಿನಗೆ ನನ್ನದಿದೆ.

ನಾಳೆಯ ಬಣ್ಣ ಇವತ್ತಿನದಕ್ಕೆ ಹೊಂದಬೇಕೆಂದು ದಿನಾ ಗಾಯದ ಫೋಟೋ ತೆಗೆದಿಡುತ್ತೀರೆಂದು ನೀನೇ ಹೇಳಿದ್ದೆ. ನಿನ್ನ ಮುಖದ್ದೂ ತೆಗೆದಿರುತ್ತೀಯ, ತಾರೀಕಿನ ಸಮೇತ. ಒಂದನ್ನೂ ಅಳಿಸಬೇಡ. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಲಾಂಡ್ರಿ ವ್ಯಾನು ನಿಮ್ಮ ಹಿಂದಿನ ಗೇಟಿಗೆ ಬರುತ್ತದೆ. ಓಡಿಸುವವಳು ಆವತ್ತು ಕಿಟಕಿ ತೆಗೆಯಲು ಹೇಳಿದವಳ ಮಗಳು, ಏನೂ ಕೇಳುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಟವೆಲುಗಳ ನಡುವೆ ಕೂತುಬಿಡು. ಪೌಡರು ಹಚ್ಚಬೇಡ. ಮೊದಲು ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಬರೆದುಕೊಳ್ಳಲಿ, ಆಮೇಲೆ ಪೊಲೀಸರಿಗೆ, ಆಮೇಲೆ ಮನೆಗೆ.

ಅವನು ಹುಡುಕಿಕೊಂಡು ಬರುತ್ತಾನೆ. ಬರಲಿ. ನನ್ನ ಇಸ್ತ್ರಿ ಪೆಟ್ಟಿಗೆ ದರ್ಜಿಯ ಹತ್ತಿರ ಇತ್ತು, ಇವತ್ತು ವಾಪಸು ಇಸ್ಕೊಂಡೆ. "ಯಾಕಜ್ಜಿ, ಏನು ಇಸ್ತ್ರಿ ಮಾಡೋದಿದೆ?" ಅಂದ. "ಇನ್ನೂ ಬಂದಿಲ್ಲ" ಅಂದೆ.

ನಿನ್ನ ಕೆನ್ನೆಗೆ ಇನ್ನು ಬಣ್ಣದ ಹೊರತು ಬೇರೇನೂ ತಾಗದಿರಲಿ, ಮಗಳೇ.

ನೀನು ಬರೆದದ್ದನ್ನು ಓದಿದ
ನಿನ್ನ ಅಜ್ಜಿ