ನೀಲಿ ಬಳೆಯ ಹೆಜ್ಜಾರ್ಲೆ

ಬೋಜ್‌ಕೋಲ್ ಸರೋವರ,
ಜೊಂಡಿನ ಗುಡಿಸಲಿನಿಂದ
ಏಪ್ರಿಲ್ 26

ಬಾಲ್ಕಿಯಾ,

ಹೇಗಿದ್ದೀಯ? ನಿನ್ನ ನಾದಿನಿ ಆಯ್ಮಾನಳ ಮೊಣಕಾಲು ನೋವು ಇಳಿಯಿತೆ? ಮಕ್ಕಳಿಬ್ಬರೂ ಕೆಮ್ಮು ಕಳೆದು ಶಾಲೆಗೆ ಹೋಗುತ್ತಿರುವುದು ಪಾವೆಲ್‌ನಿಂದ ತಿಳಿಯಿತು. ಇಲಾಖೆಯ ಗಾಡಿ ತೆಗೆದುಕೊಂಡು ಕಾರಗಂದಾಕ್ಕೆ ಹೋದಾಗಲೆಲ್ಲ ಅವನು ನಿಮ್ಮ ಬಾಗಿಲು ತಟ್ಟುತ್ತಾನೆ. ಬಂದವನು ಗಾಡಿ ತೊಳೆಯುತ್ತಾ, ನನ್ನ ಕಡೆ ನೋಡದೆ, ಗಾಳಿಗೆ ಹೇಳುವವನಂತೆ ಸುದ್ದಿ ಹೇಳುತ್ತಾನೆ. ನಾನೂ ಕೇಳದವನಂತೆ ಕೇಳಿಸಿಕೊಳ್ಳುತ್ತೇನೆ.

ತಡವಾಗಿ ಬರೆಯುತ್ತಿದ್ದೇನೆ. ಮಾರ್ಚ್ ಕೊನೆಯಿಂದ ನಾಲ್ಕು ಸಲ ಶುರುಮಾಡಿದೆ. ನಾಲ್ಕು ಸಲವೂ ನೀರಿನ ಮಟ್ಟ, ಗಾಳಿಯ ದಿಕ್ಕು, ಮೊದಲ ಬಾತುಗಳು ಬಂದ ತಾರೀಕು ಎಂದು ಬರೆದು ನಿಲ್ಲಿಸಿದೆ. ಓದಿ ನೋಡಿದರೆ ಮೇಲಧಿಕಾರಿಗೆ ಕಳಿಸುವ ವರದಿಯಂತಿತ್ತು. ಮೂವತ್ತು ವರ್ಷ ಅದನ್ನೇ ಬರೆದವನಿಗೆ ಬೇರೆ ಬರವಣಿಗೆ ಮರೆತಿರಬಹುದು.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿನ್ನ ದೊಡ್ಡಪ್ಪ, ಊರಿಗೆಲ್ಲ ಅಜ್ಜನಾಗಿದ್ದ ಝಪಾರ್ ಅತ, ಮಾರ್ಚ್ 29ರಂದು ತೀರಿಕೊಂಡದ್ದು ನಿನಗೆ ತಿಳಿದಿದೆ. ಮಣ್ಣಿಗೆ ನೀನು ಬರಲಿಲ್ಲ. ಮೇ 7ಕ್ಕೆ ನಲವತ್ತನೆಯ ದಿನದ ಊಟ. ಅದಕ್ಕೆ ಬಾ ಎಂದು ಕೇಳಲು ಈ ಕಾಗದ. ನನಗಾಗಿ ಅಲ್ಲ. ನಾನು ಆ ದಿನ ಅಲ್ಲಿರಬಾರದು ಎಂದರೆ ಇರುವುದಿಲ್ಲ. ಅವರಿಗಾಗಿ.

ನೀನು ತುಟಿ ಬಿಗಿಹಿಡಿದದ್ದು ಇಲ್ಲಿಂದಲೇ ಕಾಣಿಸುತ್ತಿದೆ. ಸ್ವಲ್ಪ ತಾಳು.

ಈ ವರ್ಷ ಹಿಮ ಕಡಿಮೆ ಬಿತ್ತು, ಆದ್ದರಿಂದ ನೀರೂ ಕಡಿಮೆ. ನಡುಗಡ್ಡೆಗೂ ದಡಕ್ಕೂ ನಡುವೆ ಈಗ ನರಿ ಕಾಲು ಒದ್ದೆ ಮಾಡಿಕೊಳ್ಳದೆ ದಾಟಬಹುದು, ದಾಟುತ್ತಲೂ ಇದೆ. ಹೆಜ್ಜಾರ್ಲೆಗಳು ಬಂದು ಮೇಲೆ ಎರಡು ಸುತ್ತು ಹಾಕಿ, ಕೆಳಗೆ ನೋಡಿ, ಬಡಗಣಕ್ಕೆ ಹೋಗಿಬಿಡುತ್ತವೆ. ಇಳಿದವು ಹದಿನೇಳು. ಅವೂ ಗೂಡು ಕಟ್ಟುವ ಉತ್ಸಾಹದಲ್ಲಿಲ್ಲ. ರೈಲು ತಪ್ಪಿಸಿಕೊಂಡವರ ಹಾಗೆ ಒಂದೇ ಕಡೆ ಮುಖಮಾಡಿ ನಿಂತಿರುತ್ತವೆ. ಹೋದ ವರ್ಷ ಇನ್ನೂರ ಆರು ಇದ್ದವು. ಆ ಅಂಕಿ ನೀನು ಎಣಿಸಿದ್ದು.

ಒಬ್ಬನೇ ಎಣಿಸುವುದು ಕಷ್ಟ. ನೀನು ದುರ್ಬೀನಿನಿಂದ ಕಣ್ಣು ತೆಗೆಯದೆ ಕೂಗುತ್ತಿದ್ದೆ, ನಾನು ಬರೆಯುತ್ತಿದ್ದೆ. ಈಗ ನಾನೇ ನೋಡಿ, ನಾನೇ ಗಟ್ಟಿಯಾಗಿ ಕೂಗಿ, ಕಣ್ಣು ತೆಗೆದು ಬರೆದುಕೊಳ್ಳಬೇಕು. ಮತ್ತೆ ಕಣ್ಣಿಟ್ಟಾಗ ಹಕ್ಕಿಗಳು ಜಾಗ ಬದಲಿಸಿರುತ್ತವೆ. ಕೂಗುವುದನ್ನು ಬಿಡಬಹುದು, ಕೇಳುವವರು ಯಾರೂ ಇಲ್ಲ. ಬಿಟ್ಟಿಲ್ಲ.

ನೀಲಿ ಬಳೆಯದು ಬಂದಿಲ್ಲ.

ಆ ಬಳೆಯನ್ನು ನೀನು ಗುರುತಿಗೆಂದು ಮರಿಯ ಕಾಲಿಗೆ ತೊಡಿಸಿದ ದಿನ ನೆನಪಾಗುತ್ತದೆ. ಏಳು ವರ್ಷದ ಹಿಂದಿನ ಜುಲೈ. ಎರ್ಮೆಕ್ ರಜೆಗೆ ಬಂದಿದ್ದ. ಐದು ವರ್ಷದ ಮಗುವಾಗಿದ್ದಾಗಿನಿಂದ ನೀನೇ ಸಾಕಿದ ತಮ್ಮ. ಮೂವತ್ತು ದಾಟಿದ್ದರೂ ನೀನು ಅವನ ಶರ್ಟಿನ ಗುಂಡಿ ಹಾಕುತ್ತಿದ್ದೆ. ಮರಿಯನ್ನು ಹಿಡಿದುಕೊಳ್ಳುವ ಕೆಲಸ ಅವನಿಗೆ ಕೊಟ್ಟೆ. ಅದು ಹೊಟ್ಟೆಯಲ್ಲಿದ್ದ ಮೀನನ್ನೆಲ್ಲ ಅವನ ಎದೆಯ ಮೇಲೆ ಕಕ್ಕಿತು.

"ಅಕ್ಕಾ, ಮದುವೆ ಶರ್ಟು ಕಣೇ ಇದು! ನಿನ್ನ ಈ ಮಗನಿಗೆ ಊಟದ ಮರ್ಯಾದೆ ಕಲಿಸ್ಲಿಲ್ವಾ?"

"ಬಾಯ್ಮುಚ್ಕೊಂಡು ಕಾಲು ಗಟ್ಟಿ ಹಿಡ್ಕೋ."

"ಭಾವ, ಇದರ ಮೂಗು ನೋಡಿ. ಥೇಟ್ ನಮ್ಮ ದೊಡ್ಡಪ್ಪಂದೇ!"

ನೀನು ನಕ್ಕು ನಕ್ಕು ಬಳೆ ಕೆಸರಿಗೆ ಬೀಳಿಸಿದೆ. ಕೆ-47 ಎಂದು ನಂಬರಿದ್ದ ಬಳೆ. ಅವನೇ ಹುಡುಕಿ ಅಂಗಿಗೆ ಒರೆಸಿ ಕೊಟ್ಟ. ಅಂದಿನಿಂದ ಫೋನಿನಲ್ಲಿ ಮೊದಲ ಪ್ರಶ್ನೆ ಅದೇ ಆಯಿತು: "ದೊಡ್ಡಪ್ಪ ಬಂದ್ರಾ?" ನೀನು ಪ್ರತಿ ವಸಂತವೂ "ಇನ್ನೂ ಇಲ್ಲ" ಎನ್ನುತ್ತಿದ್ದೆ.

ಇನ್ನು ಹೋದ ವರ್ಷದ್ದು. ನಿನಗೆ ಗೊತ್ತಿರುವುದೇ. ನನ್ನ ಕಡೆಯಿಂದ ಅದು ಹೇಗಿತ್ತೆಂದು ನೀನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ 21, ಮಧ್ಯಾಹ್ನ. ನೀನು ಒಳಗೆ ದುರ್ಬೀನಿಗೆ ಬಗ್ಗಿದ್ದೆ. ಪಾವೆಲ್ ಗುಡಿಸಲಿನ ಹಿಂದೆ ನಿಂತು ನನಗೆ ಕೈ ಮಾಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಎರ್ಮೆಕ್ ಆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ ಎಂದು ಕಾರಗಂದಾದಿಂದ ಕಚೇರಿಗೆ ಫೋನು ಬಂದಿತ್ತು. ಅಕ್ಕ ಬರಲಿ ಎಂದು ಇಪ್ಪತ್ಮೂರರ ಮಧ್ಯಾಹ್ನದವರೆಗೆ ಮಣ್ಣು ಮಾಡದೆ ಕಾಯುತ್ತಾರಂತೆ.

"ಝಪಾರ್ ಅತನಿಗೆ ಹೇಳಿ ಕಳ್ಸಿದೀವಿ," ಎಂದ ಪಾವೆಲ್. "ಅವ್ರು ಬರೋವರ್ಗೂ ನೀವು..."

"ಗೊತ್ತು," ಎಂದೆ.

ನಮ್ಮಲ್ಲಿ ಸಾವನ್ನು ಗಂಡ ಹೇಳುವುದಿಲ್ಲ. ತವರಿನ ಹಿರಿಯರು ಬಂದು, ಪಕ್ಕದಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿ, ಸುತ್ತಿ ಬಳಸಿ ಹೇಳಬೇಕು. ಅಲ್ಲಿಯವರೆಗೆ ತಿಳಿದವರೆಲ್ಲ ತಿಳಿಯದವರಾಗಿರಬೇಕು. ಅವರ ಹಳ್ಳಿ ತೊಂಬತ್ತು ಕಿಲೋಮೀಟರು, ದಾರಿ ಹಿಮ ಕರಗಿದ ಕೆಸರು. ನಾನು ಒಳಗೆ ಬಂದು ಕೂತೆ. ನೀನು ತಿರುಗಿ ನೋಡದೆ ನನ್ನ ತೋಳು ಎಳೆದೆ.

"ಕೆನೆಸ್, ನೋಡು ಬೇಗ! ನೀಲಿ! ನಡುಗಡ್ಡೆ ಬಲಗಡೆ. ಕಾಲಿಗೆ ಕೆಸರು ಮೆತ್ಕೊಂಡಿದೆ, ನಂಬರು ಕಾಣ್ತಿಲ್ಲ. ಅದೇ ಇರ್ಬೇಕು ಅಲ್ವಾ? ಅದೇ!"

"ಇರಬಹುದು."

"ಎರ್ಮೆಕ್‌ಗೆ ಹೇಳ್ಬೇಕು. ದಿಬ್ಬ ಹತ್ತಿದ್ರೆ ಫೋನು ಸಿಗುತ್ತೆ."

"ನಂಬರು ಓದದೆ ಏನಂತ ಹೇಳ್ತೀಯ?" ಎಂದೆ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು.

ಆ ಎರಡು ದಿನ ಎಲ್ಲರೂ ಬಂದುಹೋದರು. ಪಾವೆಲ್‌ನ ಹೆಂಡತಿ ಹಾಲು ತಂದಳು. ಕಾವಲಿನವರು ಬಂದು ನೀನು ಕರಿದಿಟ್ಟಿದ್ದ ಬಾವಿರ್ಸಾಕ್ ತಿಂದು, ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿದರು. ಯಾರೂ ಎರಡನೆಯ ಬಟ್ಟಲು ಬೇಡವೆನ್ನಲಿಲ್ಲ. ನೀನು ಪ್ರತಿಯೊಬ್ಬರಿಗೂ ನೀಲಿ ಬಳೆಯ ಕಥೆ ಹೇಳಿದೆ, ಶರ್ಟಿನ ಸಮೇತ. ಎಲ್ಲರೂ ನಕ್ಕರು. ಕಾರಗಂದಾದಲ್ಲಿ ನೀನು ನನಗೆ ಹೇಳಿದ ಒಂದೇ ಮಾತು ಅದು: "ನನ್ನ ಚಹಾ ಕುಡಿದ್ರಿ. ಎಲ್ಲಾರೂ."

ಇಪ್ಪತ್ಮೂರರ ಬೆಳಿಗ್ಗೆ ಝಪಾರ್ ಅತ ಬಂದರು. ಹುಲ್ಲುಗಾವಲು, ಕುದುರೆಗಳ ಮಂದೆ, ಮಂದೆಯಿಂದ ಬೇರೆಯಾದ ಕುದುರೆ ಎಂದು ಅವರು ಶುರುಮಾಡುವಷ್ಟರಲ್ಲಿ ನೀನು "ಯಾರು?" ಎಂದು ಕೇಳಿದೆ. ಅಷ್ಟೇ ಕೇಳಿದೆ. ಅವರು ಮಾತು ನಿಲ್ಲಿಸಿ ಹೆಸರು ಹೇಳಿದರು.

ಹಳ್ಳದ ಸೇತುವೆ ನೀರಿನಲ್ಲಿ ಮುಳುಗಿತ್ತು. ಬಳಸಿಕೊಂಡು ಹೋಗಿ ಕಾರಗಂದಾ ಮುಟ್ಟುವಾಗ ನಾಲ್ಕು ಗಂಟೆ. ಇನ್ನು ಇಡುವ ಹಾಗಿಲ್ಲವೆಂದು ಅವರು ಮಣ್ಣು ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ನೀನು ಅವನ ಮುಖ ನೋಡಲಿಲ್ಲ, ಹೆಣದ ಮುಂದೆ ಕೂತು ಹಾಡಿಕೊಂಡು ಅಳಲಿಲ್ಲ. ಅಂಗಳದಲ್ಲಿ ಎಲ್ಲರ ಎದುರು ನಿನ್ನ ದೊಡ್ಡಪ್ಪ ಕೈ ಚಾಚಿದಾಗ ಹಿಂದೆ ಸರಿದೆ.

"ಒಂದು ದಿನ ಮುಂಚೆ ಬರೋಕಾಗ್ಲಿಲ್ವಾ ನಿಂಗೆ? ಕೆಸರಿಗೆ ಹೆದ್ರಿ ನನ್ನ ಮಗೂ ಮುಖ ನೋಡ್ದಂಗೆ ಮಾಡ್ದೆ. ನಿನ್ನ ಮುಖಾನೂ ನಾನು ನೋಡಲ್ಲ."

ಎಂಬತ್ತು ವರ್ಷದವರಿಗೆ ನೀನು ಏಕವಚನ ಬಳಸಿದ್ದು ಅದೇ ಮೊದಲು. ಅವರು ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಕೋಟಿನ ಜೇಬಿಗೆ ಹಾಕಿಕೊಂಡರು.

ನೀನು ಆಯ್ಮಾನ, ಮಕ್ಕಳ ಜೊತೆ ಅಲ್ಲಿಯೇ ಉಳಿದೆ. ನಾನು ಪಾವೆಲ್ ಜೊತೆ ಹಿಂದಿರುಗಿದೆ. ನಮ್ಮ ಮನೆ ನೀನು ಬಿಟ್ಟುಹೋದ ಹಾಗೇ ಇದೆ. ಹಾಗಿದ್ದರೆ ಚೆನ್ನ ಎಂದಲ್ಲ. ವಸ್ತುಗಳನ್ನು ಕದಲಿಸಲು ಯಾವ ಕಾರಣವೂ ಹುಟ್ಟಲಿಲ್ಲ.

ಈ ಮಾರ್ಚಿನಲ್ಲಿ, ನೌರುಜ್ ಹಬ್ಬ ಕಳೆದು ಎರಡು ದಿನಕ್ಕೆ, ಝಪಾರ್ ಅತನನ್ನು ನೋಡಲು ಹೋಗಿದ್ದೆ. ಹಾಸಿಗೆಯಲ್ಲಿ ಬರೀ ಮೂಗು ಉಳಿದಿತ್ತು.

"ಬಾ ಅಳಿಯಾ. ಹಕ್ಕಿ ಲೆಕ್ಕ ಬಿಟ್ಟು ಮುದುಕನ ಉಸಿರು ಲೆಕ್ಕ ಹಾಕೋಕೆ ಬಂದ್ಯಾ?"

"ಇನ್ನೂ ಹಕ್ಕಿ ಬಂದಿಲ್ಲ, ಅತ. ಮಂಜುಗಡ್ಡೆ ಒಡೆದಿಲ್ಲ."

"ಆ ನೀಲಿ ಬಳೇದು?"

"ನೋಡ್ಬೇಕು."

"ಬಂದ್ರೆ ಬಾಲ್ಕಿಯಾಗೆ ಬರಿ. ಆಗ್ಲಾದ್ರೂ ಎಲ್ಲಾ ಬರಿ," ಎಂದರು. ಸೊಸೆ ಸಾರು ತಂದಳು. ಎರಡು ಚಮಚ ಕುಡಿದು ಗೋಡೆಯ ಕಡೆ ತಿರುಗಿದರು. ನಿನ್ನ ಬಗ್ಗೆ ಒಂದು ದೂರು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಹಕ್ಕಿ ಬಂದರೆ ಬರೆಯೋಣವೆಂದು ಒಂದು ತಿಂಗಳು ಕಾದೆ. ಮೊನ್ನೆ ಇಪ್ಪತ್ತೊಂದಕ್ಕೆ ಎರ್ಮೆಕ್‌ನ ವರ್ಷದ ದಿನ. ನೀವು ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಆ ದಿನವೂ ಬೆಳಗಿನಿಂದ ಸಂಜೆಯವರೆಗೆ ಹದಿನೇಳು ಹಕ್ಕಿಗಳ ಮೂವತ್ತನಾಲ್ಕು ಕಾಲು ನೋಡುತ್ತ ಕೂತಿದ್ದೆ. ಆಮೇಲೆ ತಿಳಿಯಿತು, ನಾನು ಅದು ಬಾರದಿರಲಿ ಎಂದು ಕಾಯುತ್ತಿದ್ದೇನೆ.

ಆದ್ದರಿಂದ, ಹಕ್ಕಿ ಬರದಿದ್ದರೂ, ಬರೆದಿದ್ದೇನೆ. ಮೇ 7. ಅವರ ಸೊಸೆಗೆ ನೀನು ಬರುತ್ತೀಯೆಂದು ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ.

ಆಯ್ಮಾನಳಿಗೆ ಕಾಲಿನ ಬಲ ಬರಲಿ. ಎರ್ಮೆಕ್‌ನ ಮಕ್ಕಳು ಅವನಿಗಿಂತ ಎತ್ತರ ಬೆಳೆಯಲಿ, ಅವನಿಗಿಂತ ಹೆಚ್ಚು ವರ್ಷ ಬದುಕಲಿ. ನಿನಗೆ ಏನು ಹಾರೈಸಬಹುದು, ಯಾವ ಹಕ್ಕಿನಿಂದ ಹಾರೈಸಬಹುದು ಎಂದು ತಿಳಿಯಲಿಲ್ಲ. ಒಳ್ಳೆಯ ನಿದ್ದೆ ಬರಲಿ.

ಕೆನೆಸ್

ಹಿಂದಿನ ಪುಟಕ್ಕೆ ಸೇರಬೇಕಾದದ್ದು:

ಹಾಸಿಗೆ ಹಿಡಿದ ಮುದುಕ ಆ ಹಕ್ಕಿಯನ್ನು ಯಾಕೆ ಅಷ್ಟು ವಿಚಾರಿಸಿದರು ಎಂದು ನಿನಗೆ ಅನ್ನಿಸಿರಬೇಕು. ನಾನು ಅವರಿಗೆ ಹೇಳಿದ್ದೆ. ಹೋದ ವರ್ಷ, ಏಪ್ರಿಲ್ 21ರ ಸಂಜೆ, ನಮ್ಮ ಗೇಟಿನ ಹತ್ತಿರ.

ಅವರು ತಡಮಾಡಲಿಲ್ಲ, ಬಾಲ್ಕಿಯಾ. ಸುದ್ದಿ ಮುಟ್ಟಿದ ಗಳಿಗೆಯಲ್ಲೇ ಯಾರದೋ ಟ್ರ್ಯಾಕ್ಟರ್ ಹತ್ತಿ ಹೊರಟು ಹೊತ್ತು ಮುಳುಗುವ ಮೊದಲೇ ಬಂದಿದ್ದರು. ತೊಡೆಯವರೆಗೆ ಕೆಸರು. ನಾನು ಅಡ್ಡ ನಿಂತು, ನಾಳೆ ಒಂದು ದಿನ ಬಿಡಿ, ಅವಳು ಒಂದು ನಂಬರು ಓದಬೇಕು, ಆರು ವರ್ಷದಿಂದ ಕಾಯುತ್ತಿದ್ದಾಳೆ ಎಂದೆ.

"ಹೇಳೋದು ನನ್ನ ಕೆಲಸ, ಕೇಳೋದು ಅವಳ ಕೆಲಸ. ನಡುವೆ ನೀನ್ಯಾರಯ್ಯಾ?" ಎಂದರು. ಆಮೇಲೆ ಒಳಗಿನಿಂದ ನೀನು ಏನೋ ಗುನುಗುತ್ತಿದ್ದದ್ದು ಕೇಳಿಸಿತು. ಅವರು ಬಹಳ ಹೊತ್ತು ಕೇಳಿದರು. "ಇಪ್ಪತ್ಮೂರರ ಬೆಳಿಗ್ಗೆ ಹೊರಟ್ರೂ ಮಧ್ಯಾಹ್ನಕ್ಕೆ ಮುಟ್ಟಬಹುದು," ಎಂದು ನಾನೇ ಹೇಳಿದೆ. ಸೇತುವೆಯ ಯೋಚನೆ ನನಗೆ ಬರಲಿಲ್ಲ. ನೀರಿನ ಮಟ್ಟ ಬರೆದುಕೊಳ್ಳುವವನು ನಾನೇ. ಅವರು ಮರುದಿನವಿಡೀ ಪಾವೆಲ್‌ನ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಅಂಗಳದಲ್ಲಿ ನೀನು ಸರಿದು ನಿಂತ ಮೇಲೆ ನಾನು ಬಾಯಿ ತೆರೆಯಹೋದೆ. ಅವರು ನನ್ನ ತೋಳು ಹಿಸುಕಿದರು. "ನನ್ನ ಮೇಲೇ ಇರ್ಲಿ. ನಾನೆಷ್ಟು ದಿನ ಹೊರ್ಬೇಕು? ನೀನಾದ್ರೆ ಬಹಳ ವರ್ಷ."

ನಾನು ಒಪ್ಪಿಕೊಂಡೆ. ಒಂದು ವರ್ಷ ಒಪ್ಪಿಕೊಂಡೇ ಇದ್ದೆ.

ಅದು ದಯೆಯಾಗಿತ್ತು ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಅಲ್ಲ. ಆ ಮಧ್ಯಾಹ್ನ ನೀನು ನನ್ನ ಮೊಣಕಾಲಿನ ಮೇಲೆ ಕೈಯೂರಿ ದುರ್ಬೀನಿಗೆ ಬಗ್ಗಿದ್ದೆ. ಎಷ್ಟೋ ವರ್ಷಗಳಾಗಿತ್ತು ಹಾಗೆ ನೀನು ನನ್ನನ್ನು ಮುಟ್ಟಿ. ಆ ಕೈ ಇನ್ನೊಂದು ದಿನ ಅಲ್ಲಿರಲಿ ಎಂದುಕೊಂಡೆ. ಇದ್ದದ್ದು ಅಷ್ಟೆ.

ಹೋದ ವರ್ಷದ ಎಣಿಕೆ ಪುಸ್ತಕ ನನ್ನ ಮುಂದಿದೆ. ಏಪ್ರಿಲ್ 22, ಸಂಜೆ ಆರು. ಹಕ್ಕಿ ನೀರಿಗಿಳಿದು ಮೇಲೆ ಬಂದಿತ್ತು, ಕಾಲು ತೊಳೆದಂತಾಗಿತ್ತು. ನೀನು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ನೀನೇ ಬರೆದೆ: "ಕೆ-47. ದೊಡ್ಡಪ್ಪ ಬಂದರು. ಎರ್ಮೆಕ್‌ಗೆ ಹೇಳಬೇಕು."

ಬರೆಯುವಾಗ ಮೊನೆ ಮುರಿಯಿತು. ನಾನು ಚಾಕು ತೆಗೆದು, ನೀನು ವಾಕ್ಯ ಮುಗಿಸಲೆಂದು, ಪೆನ್ಸಿಲ್ ಹೆರೆದು ಕೊಟ್ಟೆ.