ಮೊದಲು ಕೂಗಿದ ಹುಂಜ

ಬಿಜೈ, ಮಂಗಳೂರು
೨೫-೧೧-೧೯೪೩

ಪ್ರೀತಿಯ ತಮ್ಮ ಪೂವಪ್ಪಾ,

ಕಣ್ಣಾನೂರಿನ ಜೈಲಿನಲ್ಲಿ ನಿನ್ನ ಕೆಮ್ಮು ಹೇಗಿದೆ? ಹಂಚಿನ ಕಾರ್ಖಾನೆಯ ಧೂಳು ಎದೆಯಿಂದ ಇಳಿಯಲು ಇಷ್ಟು ತಿಂಗಳು ಬೇಕೇ? ಅಮ್ಮನ ಮೊಣಕಾಲಿನ ಬಾವು ಹಾಗೆಯೇ ಇದೆ, ಗೋಡೆ ಹಿಡಿದು ಅಂಗಳದವರೆಗೆ ಬರುತ್ತಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರು ಹೆದರಬೇಕಾಗಿಲ್ಲ, ಇದು ಕೋಳಿಯ ಸುದ್ದಿ.

ನಮ್ಮ ಜಾಗದ ಕಟ್ಟಳೆ ನಿನಗೆ ಗೊತ್ತು. ವರ್ಷದಲ್ಲಿ ಒಕ್ಕಲಿನ ಮನೆಯಲ್ಲಿ ಮೊದಲು ಕೂಗಿದ ಹುಂಜ ಕಾವೂರಿನ ಧಣಿಗೆ. ಸಾಕುವವರು ನಾವು, ಕಾಲಿಗೆ ಕತ್ತಿ ಕಟ್ಟಿ ಕೋಳಿ ಅಂಕದಲ್ಲಿ ಕಾದಾಡಿಸುವವರು ಅವರು. ಗೆದ್ದರೆ ಅವರ ಹೆಸರು, ಸತ್ತರೆ ಅವರ ಸಾರು. ನೀನು ಮುಷ್ಕರದಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತು ಇಲ್ಲ ಎಂದೆ, ನಾನು ಹಿತ್ತಲಲ್ಲಿ ನಿಂತು ಹೇಳುತ್ತೇನೆ ಎಂದುಕೊಂಡೆ. ಹುಂಜವೇ ಇಲ್ಲದ ಮನೆಯಲ್ಲಿ ಹುಂಜ ಕೇಳುವುದು ಹೇಗೆ? ಆಟಿಯ ಮಳೆ ತಿಂಗಳಲ್ಲಿ ಸಂತೆಗೆ ಹೋಗಿ, ಜುಟ್ಟು ಕೆಂಪಾಗದ ಮರಿಗಳನ್ನೇ ಆರಿಸಿ, ಹೇಂಟೆಗಳೆಂದು ತಂದೆ. ಮೊಟ್ಟೆ ವ್ಯಾಪಾರದ ನೂರ್ ಮುಹಮ್ಮದ್ ನಕ್ಕ: “ಎಂತ ಮಾರಾಯ್ತಿ, ಗಂಡು ಜಾತಿಯ ಮೇಲೆಯೇ ಸಿಟ್ಟಾ?”

ಇದು ರೇಷನ್ನಿನ ವರ್ಷ ಎಂಬುದನ್ನು ಮರೆತೆ. ಹಸಿದರೆ ಹುಂಜದ ಮರಿಗೂ ಜುಟ್ಟು ಕೆಂಪೇರುವುದಿಲ್ಲ. ನಮ್ಮ ಗಂಜಿಯ ತೆಳಿ, ಮೀನಿನ ತಲೆ ತಿಂದು ಚೇತರಿಸಿಕೊಂಡ ಮೇಲೆ ನನ್ನ ಹೇಂಟೆಗಳಲ್ಲಿ ಮೂರು ಹುಂಜಗಳಾದವು! ಕೂಗುವ ಮೊದಲೇ ಅವನ್ನು ದಾಟಿಸಲು ಓಡಾಡಿದೆ. ಒಂದನ್ನು ಕೆಳಗಿನ ಮನೆಯ ಮಗ್ದಲೀನ್ ಬಾಯಿ ತನ್ನ ಹೇಂಟೆಗಳ ಜೊತೆಗೆಂದು ಒಯ್ದಳು. ಸಾರು ಮಾಡುವುದಿಲ್ಲ ಎಂದು ಏಸುವಿನ ಮೇಲೆ ಆಣೆ ಹಾಕಿದ್ದಾಳೆ. ಕ್ರಿಸ್ಮಸ್ ಹತ್ತಿರ ಬಂತು, ನೋಡಬೇಕು. ಇನ್ನೊಂದು ನೂರ್ ಮುಹಮ್ಮದನ ತಂಗಿಯ ಮನೆಗೆ, ನಂತೂರಿಗೆ ಹೋಯಿತು. ಮೂರನೆಯದಕ್ಕೆ ಮನೆ ಸಿಗುವಷ್ಟರಲ್ಲಿ ಅದು ಗುಡ್ಡೆಗೆಲ್ಲ ಕೇಳುವಂತೆ ಕೂಗಿತು.

ಅದೇ ದಿನ ಧಣಿಯ ಆಳು ಅಣ್ಣು ಬಂದ. “ತಮ್ಮ ಜೈಲಲ್ಲಿ, ಇಲ್ಲಿ ನೀನು ಲೀಡರಾ? ಭಾನುವಾರದೊಳಗೆ ಹುಂಜ ಬರ್ಬೇಕು. ಇಲ್ಲದಿದ್ರೆ ಮನೆ ಖಾಲಿ ಮಾಡಿ” ಎಂದ. “ಹುಂಜ ಬೇಕಾದ್ರೆ ನಿನ್ನ ಧಣಿಯೇ ಕಾವು ಕೂರಲಿ” ಎಂದೆ. ಹೇಳಿದ್ದೇನೋ ಹೇಳಿದೆ, ಅವನು ಹೋದ ಮೇಲೆ ಮೆಟ್ಟಿಲ ಮೇಲೆ ಕೂತೆ. ದಣಿದಿದ್ದೇನೆ ತಮ್ಮ. ಒಂದೊಂದು ‘ಇಲ್ಲ’ವನ್ನೂ ಒಬ್ಬಳೇ ಹೇಳಿ ದಣಿದಿದ್ದೇನೆ. “ಪೂವಪ್ಪ ಜೈಲಿಂದ ಬಂದ್ರೆ ಯಾವ ಬಾಗಿಲಿಗೆ ಬರ್ತಾನೆ?” ಎಂದು ಅಮ್ಮ ಕೇಳುತ್ತಾಳೆ. ಆದರೂ ಕೊಡುವುದಿಲ್ಲ. ಹುಂಜವನ್ನು ಹಿತ್ತಲಲ್ಲಿ ಕಟ್ಟಿದ್ದೇನೆ.

ನಿನ್ನ ಸಂಗಾತಿಗಳಿಗೆಲ್ಲ ಈ ಅಕ್ಕ ಕೇಳಿದಳೆಂದು ಹೇಳು. ಗಂಜಿ ಬಿಡಬೇಡ, ತಲೆ ತಗ್ಗಿಸಬೇಡ. ದೈವಗಳು ನಿನ್ನ ಎದೆಯನ್ನು ಕಾಯಲಿ.

ನಿನ್ನ ಅಕ್ಕ,
ವಾರಿಜಾಕ್ಷಿ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ಮೊಟ್ಟೆ ಕೊಟ್ಟು ಬರಲು ಹೋಗಿದ್ದೆ. ಬೆಳಿಗ್ಗೆ ಹೋದವಳು ಸಂಜೆ ಬಂದು ನೋಡಿದರೆ ಹುಂಜವಿಲ್ಲ. ಅಮ್ಮ ಅದನ್ನು ಕಂಕುಳಲ್ಲಿಟ್ಟುಕೊಂಡು ಕಾವೂರಿಗೆ ನಡೆದೇ ಹೋಗಿ ಧಣಿಗೆ ಕೊಟ್ಟು ಬಂದಿದ್ದಾಳೆ. ಮನೆ ಉಳಿಯಿತು. ಧಣಿ ಬೆಲ್ಲ, ನೀರು ಕೊಟ್ಟರಂತೆ. ಅದನ್ನೇ ಮತ್ತೆ ಮತ್ತೆ ಹೇಳುತ್ತಾಳೆ. ಕಾಲು ಊದಿ ಕಂಬವಾಗಿದೆ, ಬಿಸಿನೀರು ಹಾಕುತ್ತಿದ್ದೇನೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಬಂದರೂ ಬರೆಯಬೇಡ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳುವವಳು ನಾನು. ಅಮ್ಮ ಮಾಡಿದ್ದು ಸರಿ ಎಂದು ಒಂದು ಸಾಲು ಬರೆ. ಇಲ್ಲದಿದ್ದರೆ ನಾನೇ ಸೇರಿಸಿ ಓದಬೇಕಾಗುತ್ತದೆ.