ಹಸಿರು ದಾರದ ಸಾಲುಗಳು

ಕುಪ್ಪೇಲೂರು
ಏಪ್ರಿಲ್ 6, 2025, ಭಾನುವಾರ

ನನ್ನ ಕೂಸು ಶೈಲಶ್ರೀಗೆ ನಿನ್ನ ಗದಿಗೆವ್ವ ಅತ್ತಿಯ ತುಂಬು ಆಶೀರ್ವಾದಗಳು.

ನೀನು ಬ್ಯಾಡಗಿಗೆ, ನಿಮ್ಮಕ್ಕನ ಮನೆಗೆ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಹೋದ ಮಾರನೆಯ ದಿನವೇ ಬರೆಯಬೇಕಿತ್ತು. ಹಾಳೆ ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ತಡವಾಯಿತೆಂದು ಸಿಟ್ಟಾಗಬೇಡ. ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ಪದ್ಧತಿ. ನಿಮ್ಮಪ್ಪನ ಮಂಡಿನೋವು, ನಿಮ್ಮವ್ವನ ಮೌನ, ಇವೆರಡನ್ನು ಬಿಟ್ಟರೆ ಕ್ಷೇಮವೇ. ಎಮ್ಮೆ ಈದಿದೆ, ಹೆಣ್ಣು ಕರು. ನಿಮ್ಮವ್ವ ಹಾಲು ಹಿಂಡಲು ಕುಳಿತ ಸಮಯ ನೋಡಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪದಪ್ಪವಾಗಿ, ಗೆರೆ ಬಿಟ್ಟು ಇಳಿದಿದ್ದರೆ ನಗಬೇಡ. ನೀನು ಒಂದನೆಯ ಇಯತ್ತೆಯಲ್ಲಿದ್ದಾಗ ನಿನ್ನ ಪಾಟಿಯ ಮೇಲೆ ತಿದ್ದಿ ಕಲಿತವಳು ನಾನು. ಕೈಯಲ್ಲಿ ಜೋಳದ ದಂಟು ಹಿಡಿದು ಕೂರುತ್ತಿದ್ದೆ ನೀನು, ದೊಡ್ಡ ಮಾಸ್ತರರ ಹಾಗೆ. ತಪ್ಪಿದರೆ ಹೊಡೆಯುತ್ತಲೂ ಇದ್ದೆ.

ಶುಕ್ರವಾರ ನಿನ್ನ ಎಂ.ಬಿ.ಎ. ಕಾಲೇಜಿನ ಗೆಳತಿ ಮುಸ್ಕಾನ್ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಮನೆಗೇ ಬಂದಿದ್ದಳು. ನಿನ್ನ ಫೋನು ಬಂದ್ ಇದೆಯಂತಲ್ಲ. ಕೂರುವ ಮೊದಲೇ, "ಅತ್ತಿ, ಪರೀಕ್ಷಾ ಫಾರ್ಮ್ ತುಂಬಾಕ ಹದಿನೈದನೇ ತಾರೀಖು ಕಡೀದ್ರಿ. ಒಂದ ಸೆಮಿಸ್ಟರ್ ಉಳದೈತಿ, ಬರೇ ಒಂದು! ಆಕಿ ಇಲ್ಲಂದ್ರ ನಮ್ಮ ಗುಂಪಿನ ಪ್ರಾಜೆಕ್ಟ್ ಮುಗೀತಂತ ತಿಳೀರಿ. ನಾ ಸ್ಲೈಡಿಗೆ ಬಣ್ಣ ಹಚ್ಚಾಕಷ್ಟ ಲಾಯಕ್ಕು" ಎಂದಳು. ನಗಿಸುವುದಕ್ಕೇ ಹೇಳಿದ್ದು, ಆದರೆ ತಾನು ನಗಲಿಲ್ಲ.

ನಿಮ್ಮಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಆಕೀನ ಬ್ಯಾಡ ಅಂದಾಳವಾ. ಎರಡು ದೋಣ್ಯಾಗ ಕಾಲಿಟ್ಟು ಸಾಕಾತು ಅಂದ್ಳು. ಇಪ್ಪತ್ಮೂರು ವರ್ಷದಾಕಿನ್ನ ನಾ ಕೈ ಹಿಡದು ಸಾಲಿಗೆ ಕಳಸ್ಲೇನು?" ಎಂದು ಹಿತ್ತಲಿಗೆ ಹೋದ. ಸಿಟ್ಟಿಲ್ಲ ನನ್ನ ತಮ್ಮನಿಗೆ. ಎರಡು ದಿನದಿಂದ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಾನೆ.

ಮುಸ್ಕಾನ್ ಕೇಳಿದಳು, "ಎರಡನೇ ದೋಣಿ ಯಾವುದ್ರಿ ಅತ್ತಿ?" ನಾನು ಬೆರಗಾದೆ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವಳಿಗೆ ನೀನು ಹೇಳಿಯೇ ಇಲ್ಲ! ಆಗ ನಾನೇ ಹೇಳಿದೆ: ನಮ್ಮೂರ ಚನ್ನೇಶನ ಹೊಲದ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುತ್ತಾಳವ್ವ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಒಳಗಿನ ಗಂಡು ಪುಡಿಯ ಕೊಳವೆಯನ್ನೂ ಸುಲಿದು, ಕೆಂಪು ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವು ತಂದು ಅದಕ್ಕೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು; ದಾರವಿದ್ದ ಕಾಯಿಯಷ್ಟೇ ಬೀಜಕ್ಕೆ. ಸಂಜೆಯ ಕೆಲಸ ಬಲು ಸೂಕ್ಷ್ಮ. ಸಾಸಿವೆಯಷ್ಟು ಪುಡಿಯ ಚೀಲ ಒಳಗೆ ಉಳಿದರೂ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಬೀಜ ಬೆರಕೆಯಾಗುತ್ತದೆ. ಕಾಯಿ ನೋಡಿದರೆ ಗೊತ್ತಾಗುವುದಿಲ್ಲ.

"ಅದಕ್ಕೇನ್ರಿ ಹೆಬ್ಬೆರಳಿನ ಉಗುರು ಒಂದ ಉದ್ದ ಬಿಟ್ಟಿದ್ಳು?" ಎಂದಳು ಮುಸ್ಕಾನ್. "ಕೇಳಿದ್ರ ಫ್ಯಾಶನ್ ಅಂತಿದ್ಳು. ಪ್ರೆಸೆಂಟೇಶನ್ದಾಗ ಆ ಕೈ ಹಿಂದ ಕಟ್ಟಿಕೊಂಡ ನಿಲ್ಲಾಕಿ. ಸರ್ ಒಮ್ಮೆ, ನಿಮಗ ಭಾಳ ಗತ್ತು ಐತಲ್ಲ ಅಂದಿದ್ರು."

ಅವಳು ಹೋದ ಮೇಲೆ ನಿನ್ನ ಆ ದಿನಗಳೇ ತಲೆಯಲ್ಲಿ ಸುತ್ತಿದವು. ಐದಕ್ಕೆ ಎದ್ದು ಒಲೆಯ ಮುಂದೆ ಕುಳಿತು ಅಸೈನ್‌ಮೆಂಟ್ ಬರೆಯುತ್ತಿದ್ದೆ. ಏಳೂವರೆಯ ಬಸ್ಸಿಗೆ ಹವಾಯಿ ಚಪ್ಪಲಿಯಲ್ಲಿ ಓಡುತ್ತಿದ್ದೆ. ಕಪ್ಪು ಬೂಟು ಪ್ಲಾಸ್ಟಿಕ್ ಚೀಲದಲ್ಲಿ. ರಾಣೆಬೆನ್ನೂರಿನಲ್ಲಿ ಇಳಿದು ಹಾವೇರಿ ಬಸ್ಸು, ಅದರಲ್ಲಿ ನಿಂತೇ ಓದು. ಕಾಲೇಜಿನ ಕೋಟನ್ನು ಊಟದ ಡಬ್ಬಿಯ ಮೇಲೆ ಮಡಚಿ ಇಟ್ಟು ಅದಕ್ಕೆ ಪುಂಡಿಪಲ್ಯದ ವಾಸನೆ ಹತ್ತಿತೆಂದು ಒಂದು ದಿನ ಅತ್ತೇ ಬಿಟ್ಟೆ. ನಾಲ್ಕೂವರೆಗೆ ಬಂದು ಮುಖ ತೊಳೆಯದೆ ಪ್ಲಾಟಿಗೆ ಇಳಿದರೆ ಕತ್ತಲಾಗುವವರೆಗೆ ಮೊಗ್ಗು. ನಡುವೆ ಹಾಸ್ಟೆಲಿನ ಹುಡುಗರ ಫೋನು, "ಗ್ರೂಪ್ ಮೀಟಿಂಗ್ ಐತಿ, ಕನೆಕ್ಟ್ ಆಗು" ಅಂತ. ನೆಟ್‌ವರ್ಕ್ ಇಲ್ಲ ಎಂದು ನೀನು ಸುಳ್ಳು ಹೇಳುತ್ತಿದ್ದೆ. ಪಕ್ಕದ ಸಾಲಿನಿಂದ ಮಕ್ತುಮಬಿ, "ಏ ಮ್ಯಾನೇಜರ್ರ, ಟವರ್ ನಿಮ್ಮ ತಲಿ ಮ್ಯಾಲ ಐತಲ್ರೀ" ಎಂದು ಕೂಗಿ ನಗುತ್ತಿದ್ದಳು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾಲ್ಕು ಮನೆ ಬರೆದು ಗೋಡೆಗೆ ತೂಗುಹಾಕಿದ್ದೆಯಲ್ಲ, ಅದು ಇನ್ನೂ ಅಲ್ಲೇ ಇದೆ. ಲಗೂ ಆಗಬೇಕಾದ ಮಹತ್ವದ್ದು, ಲಗೂ ಇಲ್ಲದ ಮಹತ್ವದ್ದು, ಬರೀ ಲಗೂ ಆಗಬೇಕಾದದ್ದು, ಎರಡೂ ಅಲ್ಲದ್ದು ಎಂದು ಕೆಲಸ ಹಂಚಬೇಕು, ಹಾಗೆ ಕಾಲೇಜಿನಲ್ಲಿ ಕಲಿಸಿದ್ದಾರೆ ಎಂದಿದ್ದೆ. ಎರಡೇ ದಿನಕ್ಕೆ ಮೊದಲ ಮನೆ ತುಂಬಿ ಅಂಚಿನಲ್ಲೂ ಬರೆದಿದ್ದೆ. "ನಿದ್ದಿ ಎಲ್ಲೈತಿ?" ಎಂದು ಕೇಳಿದರೆ ನಾಲ್ಕನೆಯದನ್ನು ತೋರಿಸಿದೆ. "ಮತ್ತ ನಾ ಎಲ್ಲಿ ಅದೇನಿ?" ಎಂದೆ. "ನೀ ಗ್ವಾಡಿ, ಅತ್ತಿ. ಕ್ಯಾಲೆಂಡರ್ ತೂಗಹಾಕಾಕ ಗ್ವಾಡಿ ಬೇಕಲ್ಲ" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದೆ. ಕಾಲು ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ.

ನಾವಿಬ್ಬರೂ ಸೇರಿ ಒಂದೇ ದಾರ ಹಿಡಿದಿದ್ದೆವು. ಸಂಜೆಯ ಮೊಗ್ಗು ನಿನ್ನದು, ಬೆಳಗಿನ ಹೂವು ನನ್ನದು. ಪ್ರತಿ ಹೆಂಗಸಿಗೆ ಒಂದು ಬಣ್ಣ, ಅವಳ ಸಾಲಿನ ಹತ್ತಿಗೆ ಬೇರೆ ಚೀಲ. ನಮ್ಮದು ಹಸಿರು ದಾರ, ಚೀಲದ ಮೇಲೆ ನಿನ್ನ ಹೆಸರು. ಬೀಜ ಕಂಪನಿಯವರು ಪ್ರತಿ ಚೀಲದ ಬೀಜ ಬಿತ್ತಿ ಪರೀಕ್ಷೆ ಮಾಡಿದರು. ಮಾರ್ಚಿನಲ್ಲಿ ಎಲ್ಲ ಚೀಲ ಪಾಸಾಗಿ ಹಸಿರು ದಾರದ್ದೊಂದೇ ಬೆರಕೆಯೆಂದು ಬಂದಾಗ, ಚನ್ನೇಶ ಅಷ್ಟು ಮಂದಿಯ ಮುಂದೆ ಆಡಿದ ಮಾತು ನಿನಗೆ ಮರೆತಿರುವುದಿಲ್ಲ. "ಎಂ.ಬಿ.ಎ. ಓದಾಕಿ, ನಾಕು ಸಾಲು ಮ್ಯಾನೇಜ್ ಮಾಡಾಕ ಆಗ್ಲಿಲ್ಲೇನವಾ?" ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ನೀನು, "ನಿದ್ದಿಗಣ್ಣಾಗ ಮಾಡೇನ್ರಿ ಅಣ್ಣಾರ, ನಂದ ತಪ್ಪು" ಎಂದೆ. ಮನೆಗೆ ಬಂದು ಹೆಬ್ಬೆರಳ ಉಗುರು ಕತ್ತರಿಸಿದೆ. ಮಾರನೆಯ ದಿನ ಬ್ಯಾಡಗಿಯ ಬಸ್ಸು ಹತ್ತಿದೆ.

ಅಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದೀಯಂತೆ. ಕೈ ಉರಿಗೆ ಎಣ್ಣೆ ಹಚ್ಚಿಕೋ, ತಣ್ಣೀರಲ್ಲಿ ಅದ್ದಬೇಡ. ಒಂದು ಕೆಲಸ ಹಿಡಿದರೆ ಒಂದನ್ನೇ ನೆಟ್ಟಗೆ ಮಾಡಬಹುದು ಎಂದೆಯಂತೆ ಅಕ್ಕನಿಗೆ. ಅದು ದಣಿದವರ ಮಾತು, ನಿನ್ನದಲ್ಲ. ನೀನು ಸೋತಿಲ್ಲ ಕೂಸೇ. ನಿನಗೆ ದಣಿವಾಗಿದೆ, ಅಷ್ಟೇ. ನಾಲ್ಕು ದಿನ ಮಲಗು. ಆಮೇಲೆ ಮುಸ್ಕಾನಳಿಗೆ ಫೋನು ಮಾಡಿ ಫಾರ್ಮ್ ತುಂಬು.

ಮಕ್ತುಮಬಿ ಮಂಗಳವಾರ ಬ್ಯಾಡಗಿಗೆ, ಮಗಳ ಬಾಣಂತನಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಜೊತೆಗೆ ಶೇಂಗಾ ಹೋಳಿಗೆ ಇದೆ, ಅಕ್ಕನ ಮಕ್ಕಳಿಗೂ ಕೊಡು. ನಿನ್ನ ಕೈಗೆ ಬಲ, ಕಣ್ಣಿಗೆ ನಿದ್ದೆ, ಮನಸ್ಸಿಗೆ ನೆಮ್ಮದಿ ಸಿಗಲಿ. ನನ್ನ ಆಯುಷ್ಯದಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ ಅತ್ತಿ
ಗದಿಗೆವ್ವ

ತಾ.ಕ.: ಮೇಲಿನದ್ದನ್ನು ಬರೆದು ಮಡಚಿಟ್ಟಿದ್ದೆ. ಇವತ್ತು ಸೋಮವಾರ, ಮತ್ತೆ ಬಿಚ್ಚಿದ್ದೇನೆ. ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ.

ಸೆಪ್ಟೆಂಬರಿನಲ್ಲಿ ಪರೀಕ್ಷೆಗೆಂದು ನೀನು ಹಾವೇರಿಯಲ್ಲಿ ಮುಸ್ಕಾನಳ ಚಿಕ್ಕಮ್ಮನ ಮನೆಯಲ್ಲಿ ಮೂರು ಸಂಜೆ ಉಳಿದೆ. "ಆ ಮೂರು ದಿನ ಸಾಲು ಬಿಟ್ಟಬಿಡು ಅತ್ತಿ, ನೀ ಸಂಜಿ ಕೆಲಸ ಮಾಡಬ್ಯಾಡ" ಎಂದಿದ್ದೆ. ನೀನು ಬಂದಾಗ, ಬಿಟ್ಟೇನಿ ಅಂದೆ ನಾನು. ಬಿಟ್ಟಿರಲಿಲ್ಲ. ಸಾಲು ಖಾಲಿ ಬಿಟ್ಟರೆ ಚನ್ನೇಶ ಬೇರೆಯವರಿಗೆ ಕೊಟ್ಟಾನೆಂದು ನಾನೇ ಮೊಗ್ಗು ಸುಲಿದೆ, ನಾನೇ ಹಸಿರು ದಾರ ಕಟ್ಟಿದೆ. ನನ್ನ ಬಲಗಣ್ಣಿಗೆ ಹೋದ ವರ್ಷದ ಯುಗಾದಿಯಿಂದಲೇ ಪೊರೆ ಬಂದಿತ್ತು. ಒಳಗೆ ಪುಡಿ ಉಳಿಯಿತೋ ಇಲ್ಲವೋ ನನಗೆ ಕಂಡಿರಲಿಲ್ಲ. ಬೆರಳಿನ ಅಂದಾಜಿನ ಮೇಲೆ ಮಾಡಿದೆ. ಚೀಲ ಕೆಟ್ಟದ್ದು ಆ ಮೂರು ಸಂಜೆಗಳಿಂದ. ನಿನ್ನ ಸಂಜೆಗಳಿಂದಲ್ಲ. ನೀನು ನಿದ್ದೆಗಣ್ಣಿನಲ್ಲಿ ಸುಲಿದ ಮೊಗ್ಗನ್ನು ನಾನು ಮರುದಿನ ಬೆಳಿಗ್ಗೆ ಬೆರಳಾಡಿಸಿ ನೋಡಿದ್ದೇನೆ. ಕನ್ನಡಿಯಷ್ಟು ನುಣುಪು.

ಚನ್ನೇಶ ನಿನ್ನನ್ನು ಅಂದಾಗ ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕಣ್ಣು ಹೋಗಿದೆ ಎಂದು ಗೊತ್ತಾದರೆ ಮುಂದಿನ ಹಂಗಾಮಿಗೆ ಯಾರೂ ಕರೆಯುವುದಿಲ್ಲ. ತಮ್ಮನ ಮನೆಯಲ್ಲಿ ದುಡಿದು ಉಣ್ಣುವ ಅಕ್ಕ ಬೇರೆ, ಕುಳಿತು ಉಣ್ಣುವ ಅಕ್ಕ ಬೇರೆ. ಆ ಭಯಕ್ಕೆ ನಿನ್ನನ್ನು ಮುಂದೆ ಮಾಡಿ ನಿಂತೆ. ಇಂಥವಳನ್ನು ನೀನು ಗೋಡೆ ಎಂದು ನಂಬಿ ಒರಗಿದ್ದೆ.

ನಾಳೆ ಬೆಳಿಗ್ಗೆ ಮಕ್ತುಮಬಿ ಬಸ್ ಸ್ಟ್ಯಾಂಡಿಗೆ ಹೊರಡುವ ಮೊದಲು ಚನ್ನೇಶನ ಕಣದಲ್ಲಿ ಹೆಂಗಸರೆಲ್ಲ ಸೇರಿರುತ್ತಾರೆ. ಅಲ್ಲಿಗೆ ಹೋಗಿ, ಅವನು ನಿನ್ನನ್ನು ಅಂದಷ್ಟೇ ಜೋರಾಗಿ ಇದನ್ನು ಹೇಳುತ್ತೇನೆ. ಹೇಳಿ ಬಂದ ಮೇಲೆಯೇ ಅವಳ ಕೈಗೆ ಪತ್ರ ಕೊಡುತ್ತೇನೆ, ಅದಕ್ಕೆ ಮೊದಲು ಕೊಡುವುದಿಲ್ಲ.

ಈ ಪತ್ರ ನಿನ್ನ ಕೈಯಲ್ಲಿದ್ದರೆ, ಹೇಳಿದ್ದೇನೆಂದು ತಿಳಿ. ಫಾರ್ಮ್ ತುಂಬು.